ಅಪ್ಪನ ಮಾರುತಿ 800 ಇಂಜಿನ್ ನಾನೇ ಬಿಚ್ಚಿ ಕಟ್ಟಬೇಕು. ಎಲ್ಲಿಂದ ಶುರು ಮಾಡಲಿ?

ತಿಪಟೂರು ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಓದಿದ್ದು ಬಿ.ಕಾಂ. ಇಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲಿ ಅಪ್ಪನ 1998ರ ಮಾರುತಿ 800 ಇದೆ, ಕಾರ್ಬುರೇಟರ್ ಗಾಡಿ. 1,46,000 ಕಿ.ಮೀ. ಓಡಿದೆ. ಆರ್‌ಸಿ 2028ರ ತನಕ ರಿನ್ಯೂ ಆಗಿದೆ. ಗಾಡಿಯ ಬಾಡಿ ತುಕ್ಕು ಹಿಡಿದಿಲ್ಲ.

ತೊಂದರೆ ಇರೋದು ಇಂಜಿನ್‌ನಲ್ಲಿ. ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್ ಆಯಿಲ್ ಕುಡಿಯುತ್ತೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ. ದಿಬ್ಬ ಹತ್ತುವಾಗ ಜಾಸ್ತಿ. ಗ್ಯಾರೇಜಿನವರು ಬಾನೆಟ್ ತೆಗೆದು ನೋಡಿ "ಬೋರಿಗೆ ಬಂದಿದೆ, ಫುಲ್ ಇಂಜಿನ್ ಕೆಲಸ" ಅಂದರು. ಅಂದರೆ ಬೋರ್, ಸಿಲಿಂಡರಿನ ಒಳಗಿನ ತೂತು, ಸವೆದಿದೆ, ಮತ್ತೆ ಕೊರೆಸಬೇಕು ಅಂತ. ಅಪ್ಪ ಗುಜರಿಗೆ ಹಾಕಿಬಿಡೋಣ ಅಂತಾರೆ. ನನಗೆ ಮನಸ್ಸಿಲ್ಲ. ನಾನು ನಡೆಯೋಕೆ ಕಲಿತ ವರ್ಷ ಮನೆಗೆ ಬಂದ ಗಾಡಿ ಅದು.

ಬೈಕಿನ ಪ್ಲಗ್, ಕ್ಲಚ್ ಪ್ಲೇಟ್ ನಾನೇ ಬದಲಾಯಿಸಿದ್ದೇನೆ. ಇಂಜಿನ್ ಒಳಗೆ ಯಾವತ್ತೂ ಕೈ ಹಾಕಿಲ್ಲ. ಕೆಲಸ ಬಿಟ್ಟು ಕಲಿಯೋಕೆ ಹೋಗೋ ಹಾಗಿಲ್ಲ, ಭಾನುವಾರ ಮಾತ್ರ ಬಿಡುವು. ಮನೆ ಹಿಂದೆ ಶೀಟ್ ಹಾಕಿದ ಜಾಗ ಇದೆ. ಕಲಿಯೋಕೆ ಆಗುತ್ತಾ?

ಹಾಸನ ಡಿಪೋ

ಆಗುತ್ತೆ ತಮ್ಮಾ. ನಾನು ಕೆಎಸ್‌ಆರ್‌ಟಿಸಿಯ ಹಾಸನ ವರ್ಕ್‌ಶಾಪಿನಲ್ಲಿ 31 ವರ್ಷ ಇಂಜಿನ್ ಸೆಕ್ಷನ್‌ನಲ್ಲೇ ಇದ್ದು ರಿಟೈರ್ ಆದವನು. ಬಸ್ಸಿಗೆ ಆರು ಸಿಲಿಂಡರ್, ನಿನ್ನ ಗಾಡಿಗೆ ಮೂರು. ಕೆಲಸದ ರೀತಿ ಒಂದೇ.

ಆದರೆ ಮೊದಲ ಭಾನುವಾರ ಸ್ಪ್ಯಾನರ್ ಮುಟ್ಟಬೇಡ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಮೀಟರ್) ಹೊಂದಿಸಿಕೋ. ಬೋರಿಗೆ ಬಂದಿದೆ ಅಂತ ಬಾಯಿಮಾತಲ್ಲಿ ಹೇಳಿದರೆ ಆಗಲ್ಲ, ಗೇಜ್ ಹೇಳಬೇಕು. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಒಂದು ಸಲ ಗುಪ್ ಅಂತ ನೀಲಿ ಹೊಗೆ ಬಂದು ನಿಂತುಹೋದರೆ, ಆಯಿಲ್ ಒಳಗೆ ಇಳಿಯದಂತೆ ತಡೆಯೋ ವಾಲ್ವ್ ಸೀಲ್ ಮೇಲೆ ಅನುಮಾನ. ರಾತ್ರಿಯೆಲ್ಲ ಆಯಿಲ್ ಅಲ್ಲಿಂದ ತೊಟ್ಟಿಕ್ಕಿರುತ್ತೆ. ಲೋಡ್ ಬಿದ್ದಾಗ ಹೊಗೆ ಬಂದರೆ ರಿಂಗ್ ಮೇಲೆ, ಅಂದರೆ ಪಿಸ್ಟನ್ ಸುತ್ತ ಇರೋ ಬಳೆಗಳ ಮೇಲೆ ಅನುಮಾನ. ನಿನ್ನದು ದಿಬ್ಬದಲ್ಲಿ ಜಾಸ್ತಿ ಅಂದೆ. ಆದರೂ ಅನುಮಾನ ಅನುಮಾನವೇ.

ಇಂಜಿನ್ ಬಿಸಿ ಮಾಡಿ ಆಫ್ ಮಾಡು. ಮೂರೂ ಪ್ಲಗ್ ಬಿಚ್ಚು. ಕಾಯಿಲ್ ವೈರ್ ತೆಗೆದಿಡು. ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿಯೋಕೆ ಒಬ್ಬರನ್ನು ಕೂರಿಸು. ಬ್ಯಾಟರಿ ಫುಲ್ ಚಾರ್ಜ್ ಇರಲಿ. ಒಂದೊಂದೇ ಸಿಲಿಂಡರ್‌ಗೆ ಗೇಜ್ ಹಾಕಿ ಸೆಲ್ಫ್ ಹೊಡೆ, ಮುಳ್ಳು ನಿಂತ ನಂಬರ್ ಬರೆದುಕೋ. ಆಮೇಲೆ ಪ್ಲಗ್ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡು. ನಂಬರ್ ಏರಿದರೆ ಗಾಳಿ ಹೋಗ್ತಿರೋದು ರಿಂಗ್ ಕಡೆಯಿಂದ. ಏರದಿದ್ದರೆ ವಾಲ್ವ್, ಇಲ್ಲವೇ ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡೂ ಕಮ್ಮಿ ಬಂದರೆ ಮೊದಲು ಗ್ಯಾಸ್ಕೆಟ್ ನೋಡಬೇಕು.

ನಂಬರ್ ಇಲ್ಲಿ ಹಾಕು, ಮುಂದಿನದು ಹೇಳ್ತೀನಿ.

ಮೈಸೂರು ಜಾವಾ

ಹಾಸನದ ಸರ್ ಹೇಳಿದ್ದು ಸರಿ. ನನ್ನದು ಒಂದು ಸಲಹೆ. ಮನೆ ಗಾಡಿಗೆ ಕೈ ಹಾಕೋ ಮುಂಚೆ ಒಂದು ಗುಜರಿ ಇಂಜಿನ್ ತಂದು ಬಿಚ್ಚಿ ನೋಡು. ಟು-ಸ್ಟ್ರೋಕ್ ಆದರೆ ಇನ್ನೂ ಒಳ್ಳೇದು. ನಾನು ಕಲಿತದ್ದು ಜಾವಾ ಬೈಕ್ ಮೇಲೆ. 65 ಮಿ.ಮೀ. ಬೋರ್, 75 ಸ್ಟ್ರೋಕ್, ಒಂದೇ ಸಿಲಿಂಡರ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಹೆಡ್ ಎತ್ತಿದರೆ ಪಿಸ್ಟನ್, ಸಿಲಿಂಡರ್ ಎತ್ತಿದರೆ ಪೋರ್ಟ್. ಎಲ್ಲ ಕಣ್ಣೆದುರಿಗೇ ಇರುತ್ತೆ.

ನನಗೆ ಕಲಿಸಿದವರು ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದವರು. 1961ರಲ್ಲಿ ಶುರುವಾದ ಕಾರ್ಖಾನೆ, 1996ರಲ್ಲಿ ಬಾಗಿಲು ಹಾಕಿತು. ಅವರ ಕೈ ಮಾತ್ರ ನಿಲ್ಲಲಿಲ್ಲ. ಪಿಸ್ಟನ್ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿ "ಈ ಕಡೆ ಉಜ್ಜಿದೆ, ಕನೆಕ್ಟಿಂಗ್ ರಾಡ್ ಬಗ್ಗಿದೆ" ಅನ್ನೋರು. ಆಮೇಲೆ ಅಳೆದರೆ ಹಾಗೇ ಇರ್ತಿತ್ತು. ಹಾಗೆ ನೋಡೋ ಕಣ್ಣು ಹತ್ತಾರು ಇಂಜಿನ್ ಬಿಚ್ಚಿದ ಮೇಲೆ ಬರೋದು. ಹಾಳಾದರೂ ಪರವಾಗಿಲ್ಲ ಅನ್ನೋ ಇಂಜಿನ್ ಮೇಲೆ ಶುರು ಮಾಡು ಅನ್ನೋದು ಅದಕ್ಕೇ.

ಐಟಿಐ ಅಕ್ಕ, ಶಿವಮೊಗ್ಗ

ನಾನು ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಟ್ರೇಡ್‌ಗೆ ಪಾಠ ಮಾಡ್ತೀನಿ. ಎರಡು ವರ್ಷದ ಟ್ರೇಡ್. ಡೀಸೆಲ್ ಮೆಕ್ಯಾನಿಕ್ ಆದರೆ ಒಂದು ವರ್ಷ. ನಿಮಗೆ ಕೆಲಸ ಇದೆ ಅಂದಿರಿ, ಹಾಗಾಗಿ ಅದು ಈಗ ಬೇಡ.

ಮೈಸೂರಿನ ಅಣ್ಣನ ಮಾತಿಗೆ ನಾನು ಅರ್ಧ ಒಪ್ಪುತ್ತೇನೆ. ಗುಜರಿ ಇಂಜಿನ್ ಬಿಚ್ಚೋಕೆ ಚೆನ್ನಾಗಿರುತ್ತೆ. ಆದರೆ ಹಾಳಾದರೂ ಪರವಾಗಿಲ್ಲ ಅನ್ನೋ ಇಂಜಿನ್ ಮೇಲೆ ಯಾರೂ ಅಳತೆ ತೆಗೆಯೋಲ್ಲ. ನಮ್ಮ ಹುಡುಗರಲ್ಲಿ ನೋಡಿದ್ದೇನೆ. ಕಟ್ ಮಾಡಿಟ್ಟ ಮಾಡೆಲ್ ಇಂಜಿನ್ ಹತ್ತು ಸಲ ಬಿಚ್ಚಿ ಹತ್ತು ಸಲ ಜೋಡಿಸ್ತಾರೆ. ಸ್ಟಾರ್ಟ್ ಆಗಬೇಕಾದ ಇಂಜಿನ್ ಕೊಟ್ಟರೆ ಆಗ ಮೈಕ್ರೋಮೀಟರ್ ಕೇಳ್ತಾರೆ. ನಾಳೆ ಅಪ್ಪ ಇದೇ ಗಾಡೀಲಿ ಕೂರ್ತಾರೆ ಅನ್ನೋದು ನಿಮ್ಮ ತಲೇಲಿದ್ದರೆ ಅಳತೆ ತಪ್ಪಿಸೋಲ್ಲ ನೀವು. ಹಾಗಾಗಿ ಆ 800 ಮೇಲೇ ಕಲಿಯಿರಿ, ನಿಧಾನವಾಗಿ.

ಮಾರುತಿ 800ರ ಇಂಜಿನ್ ಕಲಿಯೋಕೆ ಹೇಳಿ ಮಾಡಿಸಿದ ಹಾಗಿದೆ. 796 ಸಿಸಿ, ಬೋರ್ 68.5 ಮಿ.ಮೀ., ಸ್ಟ್ರೋಕ್ 72. ಬ್ಲಾಕ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂದು. ಕ್ಯಾಮ್ ಒಂದೇ, ಅದೂ ಮೇಲೆ. ಸ್ಪೇರ್ ಎಲ್ಲ ಊರಲ್ಲೂ ಸಿಗುತ್ತೆ.

ತಿಪಟೂರು ಹುಡುಗ

ಗೇಜ್ ಸಿಕ್ಕಿತು. ಭಾನುವಾರ ತಂಗಿ ಆಕ್ಸಲರೇಟರ್ ಒತ್ತಿ ಕೂತಳು. ನಂಬರ್‌ಗಳು ಇವು.

ಒಂದನೇದು 11.5 ಕೆಜಿ. ಎರಡನೇದು 8. ಮೂರನೇದು 11. ಆಯಿಲ್ ಬಿಟ್ಟ ಮೇಲೆ ಎರಡನೇದು 11ಕ್ಕೆ ಏರಿತು. ಒಂದು, ಮೂರು ಸ್ವಲ್ಪ ಏರಿದವು ಅಷ್ಟೇ.

ಅಂದರೆ ಎರಡನೇ ಸಿಲಿಂಡರ್ ರಿಂಗ್, ಅಲ್ವಾ?

ಹಾಸನ ಡಿಪೋ

ಹೌದು. ಅಲ್ಲಿಗೆ ನಿಲ್ಲಿಸಬೇಡ. ಮೂರೂ ಸಿಲಿಂಡರ್ ಒಂದೇ ಆಯಿಲ್ ಕುಡಿದಿವೆ, ಒಂದೇ ಏರ್ ಫಿಲ್ಟರ್ ಗಾಳಿ ಎಳೆದಿವೆ, ಅಷ್ಟೇ ಕಿಲೋಮೀಟರ್ ಓಡಿವೆ. ಎರಡನೇದು ಮಾತ್ರ ಯಾಕೆ ಹೋಯಿತು? ಗಾಡಿ ಯಾವಾಗಾದರೂ ಹೀಟ್ ಆಗಿತ್ತಾ? ಅಪ್ಪನ್ನ ಕೇಳು.

ತಿಪಟೂರು ಹುಡುಗ

ಕೇಳಿದೆ ಸರ್. ನಾಲ್ಕು ವರ್ಷದ ಹಿಂದೆ ಧರ್ಮಸ್ಥಳಕ್ಕೆ ಹೋಗಿ ಬರುವಾಗ ಚಾರ್ಮಾಡಿ ಘಾಟಿ ಹತ್ತುತ್ತಾ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿತ್ತಂತೆ. ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿಕೊಂಡು ಬಂದರಂತೆ. ಏನು ಮಾಡಿದರು ಅಂತ ಅಪ್ಪನಿಗೆ ಗೊತ್ತಿಲ್ಲ. "ಆಮೇಲೆ ಯಾವತ್ತೂ ಹೀಟ್ ಆಗಿಲ್ಲ, ಮುಳ್ಳು ಕೆಳಗೇ ಇರುತ್ತೆ" ಅಂದರು.

ಹಾಸನ ಡಿಪೋ

ಮುಳ್ಳು ಕೆಳಗೇ ಇರುತ್ತಾ? ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋ ತನಕ ನೀರು ರೇಡಿಯೇಟರ್‌ಗೆ ಹೋಗದಂತೆ ತಡೆಯೋ ಬಾಗಿಲು) ಇರೋ ಜಾಗ ಬಿಚ್ಚಿ ಫೋಟೋ ಹಾಕು.

ತಿಪಟೂರು ಹುಡುಗ

ಫೋಟೋ ಹಾಕಿದ್ದೇನೆ. ಒಳಗೆ ಏನೂ ಇಲ್ಲ. ಖಾಲಿ.

ಹಾಸನ ಡಿಪೋ

ಅದೇ ಅಂದುಕೊಂಡೆ. ಈ ಒಂದು ವಿಷಯ ಎಲ್ಲರೂ ಗಮನ ಕೊಟ್ಟು ಓದಿ.

ಗಾಡಿ ಹೀಟ್ ಆದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕೋದು ನಮ್ಮಲ್ಲಿ ಬಹಳ ಕಡೆ ರೂಢಿ. ಆ ಹೊತ್ತಿಗೆ ಗಾಡಿ ತಣ್ಣಗಾಗುತ್ತೆ, ಗಿರಾಕಿ ಖುಷಿಯಾಗಿ ಹೋಗ್ತಾನೆ. ಆಮೇಲೆ ನೀರು ಸದಾ ರೇಡಿಯೇಟರ್ ಸುತ್ತುತ್ತಲೇ ಇರುತ್ತೆ, ಇಂಜಿನ್ ಬಿಸಿ ಏರೋಕೆ ಬಹಳ ಹೊತ್ತು ಬೇಕು. ತಣ್ಣಗಿರೋ ಇಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗಲ್ಲ. ಹಸಿ ಪೆಟ್ರೋಲ್ ಸಿಲಿಂಡರ್ ಗೋಡೆ ಮೇಲಿನ ಆಯಿಲ್ ತೊಳೆದುಹಾಕುತ್ತೆ. ರಿಂಗ್ ಒಣ ಗೋಡೆ ಮೇಲೆ ಉಜ್ಜುತ್ತೆ. ಆಯಿಲ್‌ನಲ್ಲಿ ನೀರಿನಂಶ ನಿಂತು ಮಡ್ಡಿ ಕಟ್ಟುತ್ತೆ, ಅದು ಪಿಸ್ಟನ್ ಮೇಲೆ ರಿಂಗ್ ಕೂರೋ ಸೀಳಿಗೆ ಹೋಗಿ ಸೇರುತ್ತೆ. ಅದಕ್ಕೂ ಮುಂಚೆ ಘಾಟಿಯಲ್ಲಿ ಒಂದು ಸಲ ಸುಟ್ಟಿದೆ. ಮಧ್ಯದ ಸಿಲಿಂಡರ್‌ಗೆ ಎರಡು ಪಕ್ಕದಿಂದಲೂ ಬಿಸಿ. ಬಿಚ್ಚಿದಾಗ ಎರಡನೇ ಪಿಸ್ಟನ್ ರಿಂಗ್ ಕಾರ್ಬನ್‌ನಲ್ಲಿ ಅಂಟಿಕೊಂಡಿರುತ್ತೆ ಅಂತ ನನ್ನ ಲೆಕ್ಕ.

ಇದನ್ನು ನೋಡದೆ ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿ ಕೊಟ್ಟಿದ್ದರೆ ಮೂರು ನಾಲ್ಕು ವರ್ಷಕ್ಕೆ ಮತ್ತೆ ಇದೇ ಹೊಗೆ ಬರ್ತಿತ್ತು. ಇಂಜಿನ್ ಯಾಕೆ ಕೆಟ್ಟಿತು ಅಂತ ಗೊತ್ತಾಗೋ ತನಕ ಬಿಚ್ಚಿ ಕಟ್ಟಬಾರದು. ವರ್ಕ್‌ಶಾಪಿನಲ್ಲಿ ನನಗಿಂತ ಹಿರಿಯರು ಇದನ್ನೇ ನನ್ನ ತಲೆಗೆ ಹಾಕಿದ್ದು.

ಈಗ ಬಿಚ್ಚು.

ಐಟಿಐ ಅಕ್ಕ, ಶಿವಮೊಗ್ಗ

ಬಿಚ್ಚೋ ಮುಂಚೆ ನಾಲ್ಕು ಮಾತು. ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ, ಪೆಟ್ರೋಲ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ. ಇಂಜಿನ್ ಎತ್ತೋಕೆ ಚೈನ್ ಪುಲ್ಲಿ ಬಾಡಿಗೆಗೆ ತನ್ನಿ, ಜೊತೆಗೆ ಮೂರು ಕಾಲಿನ ಸ್ಟ್ಯಾಂಡ್ ಕೂಡ. ಮರದ ಕೊಂಬೆಗೆ, ಶೀಟಿನ ಪೈಪಿಗೆ ಕಟ್ಟಬೇಡಿ. ನೇತಾಡೋ ಇಂಜಿನ್ ಕೆಳಗೆ ಕೈಯೂ ಇಡಬೇಡಿ.

ಕನೆಕ್ಟಿಂಗ್ ರಾಡ್ ಕ್ಯಾಪ್ ಯಾವ ರಾಡಿಂದು, ಯಾವ ಕಡೆ ಮುಖ ಅಂತ ಬಿಚ್ಚೋ ಮುಂಚೆ ಗುರುತು ಮಾಡಿ. ಕ್ಯಾಪ್ ಅದಲುಬದಲಾದರೆ ಬೇರಿಂಗ್ ಸುಡುತ್ತೆ. ಪಿಸ್ಟನ್ ಮೇಲಕ್ಕೆ ತಳ್ಳುವಾಗ ರಾಡಿನ ಬೋಲ್ಟ್‌ಗಳಿಗೆ ಪೆಟ್ರೋಲ್ ಪೈಪಿನ ತುಂಡು ತೊಡಿಸಿ. ಇಲ್ಲದಿದ್ದರೆ ಬೋಲ್ಟಿನ ಚೂಪು ಕ್ರ್ಯಾಂಕ್ ಮೇಲೆ ಗೀರು ಎಳೆಯುತ್ತೆ. ಹೆಡ್ ಬೋಲ್ಟ್ ಸಡಿಲ ಮಾಡೋದು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪ. ಬಿಗಿ ಮಾಡೋದು ಮಧ್ಯದಿಂದ ಹೊರಕ್ಕೆ.

ತಿಪಟೂರು ಹುಡುಗ

ಮೂರು ಭಾನುವಾರ ಆಯಿತು. ಇಂಜಿನ್ ಬೆಂಚಿನ ಮೇಲಿದೆ. ಹಾಸನದ ಸರ್ ಹೇಳಿದ ಹಾಗೇ ಇತ್ತು. ಎರಡನೇ ಪಿಸ್ಟನ್‌ನ ಮೇಲಿನ ರಿಂಗ್ ಉಗುರಲ್ಲಿ ಒತ್ತಿದರೂ ಅಲುಗಲಿಲ್ಲ. ಆಯಿಲ್ ರಿಂಗ್ ತೂತುಗಳೆಲ್ಲ ಕರಿ ಕಟ್ಟಿ ಮುಚ್ಚಿಹೋಗಿವೆ. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿದ ಮೇಲೆ ರಿಂಗ್ ಬಿಟ್ಟಿತು.

ಬೋರ್ ಗೇಜ್ ನನ್ನ ಹತ್ತಿರ ಇಲ್ಲ. ಕೊಳ್ಳೋಕೆ ದುಡ್ಡೂ ಇಲ್ಲ. ಫಿಲ್ಲರ್ ಗೇಜ್ (ಸಂದು ಅಳೆಯೋ ತೆಳು ತಗಡುಗಳು) ಮಾತ್ರ ಇದೆ. ಬೋರ್ ಎಷ್ಟು ಸವೆದಿದೆ ಅಂತ ಹೇಗೆ ತಿಳಿಯೋದು?

ದಾವಣಗೆರೆ ಬೋರಿಂಗ್

ಫಿಲ್ಲರ್ ಗೇಜ್ ಸಾಕು ಅಣ್ಣ. ನಮ್ಮದು ಬೋರಿಂಗ್ ಅಂಗಡಿ, ತಾತನ ಕಾಲದ್ದು. ತಾತ ಮಾಡ್ತಿದ್ದದ್ದು ಹೇಳ್ತೀನಿ.

ಒಂದು ರಿಂಗ್ ತಗೊಂಡು ಬೋರಿನ ತಳಕ್ಕೆ ಇಳಿಸಿ. ಪಿಸ್ಟನ್ ತಲೆಕೆಳಗು ಮಾಡಿ ಅದರಿಂದ ತಳ್ಳಿ, ಆಗ ರಿಂಗ್ ಓರೆಯಾಗಲ್ಲ. ತಳದಲ್ಲಿ ರಿಂಗ್ ಓಡಾಡದ ಜಾಗ ಇರುತ್ತೆ, ಅಲ್ಲಿ ಬೋರ್ ಸವೆದಿರಲ್ಲ. ಅಲ್ಲಿ ರಿಂಗಿನ ಎರಡು ತುದಿ ನಡುವಿನ ಸಂದು ಅಳೆಯಿರಿ. ಆಮೇಲೆ ಅದೇ ರಿಂಗ್ ಮೇಲಕ್ಕೆ ತಂದು, ಅಂಚಿನಿಂದ ಒಂದು ಸೆಂಟಿಮೀಟರ್ ಕೆಳಗೆ ಇಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿ. ಬಂದದ್ದೇ ಬೋರಿನ ಸವೆತ. ಬೋರ್ 0.1 ಮಿ.ಮೀ. ಅಗಲವಾದರೆ ಸುತ್ತಳತೆ 0.31 ಜಾಸ್ತಿ ಆಗುತ್ತಲ್ಲ, ಅಷ್ಟೂ ರಿಂಗ್ ಸಂದಿನಲ್ಲೇ ಕಾಣುತ್ತೆ. ಹಳೇ ರಿಂಗ್ ಆದರೂ ನಡೆಯುತ್ತೆ, ನಮಗೆ ಬೇಕಾಗಿರೋದು ವ್ಯತ್ಯಾಸ ತಾನೇ.

ಮೇಲೆ ಅಂಚಿನ ಹತ್ತಿರ ಉಗುರು ಎಳೆದು ನೋಡಿ. ಮೆಟ್ಟಿಲಿನ ಹಾಗೆ ತಡೆದರೆ ಸವೆದಿದೆ ಅಂತ ಅರ್ಥ. ಅದನ್ನು ಹಾಗೇ ಬಿಟ್ಟು ಹೊಸ ರಿಂಗ್ ಹಾಕಿದರೆ ಆ ಮೆಟ್ಟಿಲಿಗೆ ಬಡಿದು ರಿಂಗ್ ಮುರಿಯಬಹುದು.

ತಿಪಟೂರು ಹುಡುಗ

ಅಳೆದೆ. ಎರಡನೇದರಲ್ಲಿ ತಳದಲ್ಲಿ 0.42, ಮೇಲೆ 0.78. ವ್ಯತ್ಯಾಸ 0.36. ಸವೆತ 0.115 ಮಿ.ಮೀ. ಒಂದನೇದು 0.06, ಮೂರನೇದು 0.05. ಉಗುರು ತಡೆಯುತ್ತೆ.

ದಿನವಿಡೀ ಲೆಕ್ಕ ಬರೆಯೋನು ನಾನು. ಒಂದು ಭಾಗಾಕಾರ ಮಾಡಿ ಕಬ್ಬಿಣದ ಒಳಗೆ ಕಾಣದ ಸವೆತ ಗೊತ್ತಾಯಿತಲ್ಲ, ಅದಕ್ಕೆ ಮೈ ಜುಮ್ ಅಂತು.

ತುಮಕೂರಲ್ಲಿ ಒಂದು ಅಂಗಡಿಗೆ ಬ್ಲಾಕ್ ಒಯ್ದಿದ್ದೆ. ನೋಡಿದ ತಕ್ಷಣ "0.50 ಪಿಸ್ಟನ್ ತಗೊಂಡು ಬನ್ನಿ" ಅಂದರು, ಅಂದರೆ 0.50 ಮಿ.ಮೀ. ದೊಡ್ಡದು. ಅಳೆಯಲಿಲ್ಲ. ನಾನು ವಾಪಸ್ ತಂದೆ. 0.25ಕ್ಕೆ ಆಗಲ್ವಾ?

ದಾವಣಗೆರೆ ಬೋರಿಂಗ್

ವಾಪಸ್ ತಂದಿದ್ದು ಒಳ್ಳೇದಾಯಿತು.

ಸವೆತ ಎರಡೂ ಗೋಡೆಗೆ ಸಮ ಇರಲ್ಲ. ಪಿಸ್ಟನ್ ಒತ್ತೋ ಕಡೆ, ಅಂದರೆ ಕ್ರ್ಯಾಂಕಿಗೆ ಅಡ್ಡಲಾಗಿರೋ ಗೋಡೆಗೆ ಜಾಸ್ತಿ. 0.25 ಓವರ್‌ಸೈಜ್ ಅಂದರೆ ಪ್ರತಿ ಕಡೆ ಸಿಗೋದು 0.125. ನಿಮ್ಮ 0.115 ಪೂರ್ತಿ ಒಂದೇ ಗೋಡೆಯಲ್ಲಿದ್ದರೆ ಹೋನಿಂಗ್‌ಗೆ (ಕಲ್ಲಿನಲ್ಲಿ ಉಜ್ಜಿ ಹದ ಮಾಡೋಕೆ) ಜಾಗ ಉಳಿಯಲ್ಲ, 0.50ಕ್ಕೇ ಹೋಗಬೇಕು. ಹಂಚಿಕೊಂಡಿದ್ದರೆ 0.25ರಲ್ಲಿ ಕ್ಲೀನ್ ಆಗುತ್ತೆ. ಆಗ 0.50 ಮುಂದಿನ ಸಲಕ್ಕೆ ಉಳಿಯುತ್ತೆ. ಡಯಲ್ ಬೋರ್ ಗೇಜ್ ಇರೋ ಅಂಗಡಿ ಹುಡುಕಿ. ಮೂರು ಎತ್ತರದಲ್ಲಿ, ಉದ್ದಕ್ಕೆ ಅಡ್ಡಕ್ಕೆ, ಒಟ್ಟು ಆರು ಅಳತೆ ಪ್ರತಿ ಬೋರಿಗೂ ತೆಗೆಯಬೇಕು. ಬರೆದು ಕೊಡಿ ಅಂತ ಕೇಳಿ.

ಇನ್ನೊಂದು ಮಾತು. ಪಿಸ್ಟನ್ ಕೈಗೆ ಬಂದ ಮೇಲೇ ಬೋರ್ ಮಾಡಿಸಿ. ಪಿಸ್ಟನ್ ಮೈಕ್ರೋಮೀಟರಲ್ಲಿ ಅಳೆದು ಅದಕ್ಕೆ ತಕ್ಕ ಹಾಗೆ ಹೋನ್ ಮಾಡಬೇಕು. ಇಂಥ ಸಣ್ಣ ಇಂಜಿನ್‌ಗೆ ಪಿಸ್ಟನ್ ಮತ್ತು ಗೋಡೆ ನಡುವೆ 0.04, 0.05 ಮಿ.ಮೀ. ಅಷ್ಟೇ ಇರೋದು. ತಲೆಕೂದಲಿಗಿಂತ ತೆಳು. ಕಮ್ಮಿ ಆದರೆ ಜಾಮ್, ಜಾಸ್ತಿ ಆದರೆ ಟಕಟಕ ಸದ್ದು. ಸವೆಯದ ಬೋರ್ ಕಮ್ಮಿ, ಸವೆದದ್ದು ಜಾಸ್ತಿ ಅಂತ ಬೇರೆ ಬೇರೆ ಸೈಜ್ ಮಾಡಬೇಡಿ. ಮೂರೂ ಒಂದೇ ಸೈಜ್ ಇರಲಿ.

ಶಾರ್ಜಾ ಕನ್ನಡಿಗ

ನಾನು ಮಂಗಳೂರಿನವನು. ಇಲ್ಲಿ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ತಮ್ಮನ ಆಸೆಗೆ ಅಡ್ಡ ಬರ್ತಿಲ್ಲ, ಆದರೆ ಹೊಟ್ಟೆಪಾಡಿಗೆ ಇದೇ ಹಿಡೀತೀನಿ ಅಂದರೆ ಯೋಚನೆ ಮಾಡಬೇಕು. ಇಲ್ಲಿ ನಮ್ಮಲ್ಲಿ ಬ್ಲಾಕ್ ಬೋರ್ ಮಾಡಿಸೋದು ಅಪರೂಪ. ಇಂಜಿನ್ ಹೋದರೆ ಇಡೀ ಇಂಜಿನ್ ಬದಲಾಯಿಸ್ತಾರೆ. ದಿನದ ಕೆಲಸ ಹೆಚ್ಚಾಗಿ ಸ್ಕ್ಯಾನರ್, ವೈರಿಂಗ್, ಸೆನ್ಸರ್. ಎಲೆಕ್ಟ್ರಿಕ್ ಗಾಡಿಗಳೂ ಬರ್ತಿವೆ. ಅವನ್ನೂ ಜೊತೆಗೆ ಕಲಿ.

ಐಟಿಐ ಅಕ್ಕ, ಶಿವಮೊಗ್ಗ

ಶಾರ್ಜಾ ಅಣ್ಣ ಹೇಳಿದ್ದು ನಿಜ. ನಮ್ಮ ಹುಡುಗರಿಗೂ ಸ್ಕ್ಯಾನರ್, ಎಲೆಕ್ಟ್ರಿಕ್ ಗಾಡಿ ಎರಡೂ ಕಲಿಸಬೇಕಾಗಿದೆ. ಆದರೆ ನಮ್ಮೂರಲ್ಲಿ ಅಡಿಕೆ ತೋಟದ ಪಂಪು, ಟಿಲ್ಲರ್, ಟ್ರ್ಯಾಕ್ಟರ್, ಹಳೇ ಜೀಪು ಇನ್ನೂ ಬಹಳ ಕಾಲ ಓಡ್ತವೆ. ಇಡೀ ಇಂಜಿನ್ ಬದಲಾಯಿಸೋ ದುಡ್ಡು ಅವರ ಹತ್ತಿರ ಇಲ್ಲ. ಮೈಕ್ರೋಮೀಟರ್ ಹಿಡಿದು ಕಲಿತ ಕೈಗೆ ಬೇರಿಂಗ್, ಗೇರ್‌ಬಾಕ್ಸ್, ಮೋಟಾರ್ ಯಾವುದು ಕೊಟ್ಟರೂ ಹೊಸದು ಅನ್ನಿಸೋಲ್ಲ. ಅವನಿಗೆ ಮೊದಲು ಈ ಇಂಜಿನ್ ಮುಗಿಸೋಕೆ ಬಿಡೋಣ.

ತಿಪಟೂರು ಹುಡುಗ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ.

ಬೇರೆ ಅಂಗಡಿ ಸಿಕ್ಕಿತು. ಅಲ್ಲಿನ ಹಿರಿಯರು ಆರೂ ಅಳತೆ ಚೀಟಿಯಲ್ಲಿ ಬರೆದು ಕೊಟ್ಟರು. ಎರಡನೇದರಲ್ಲಿ 0.12. ಒಂದು ಗೋಡೆಗೆ 0.08, ಎದುರಿಗೆ 0.04. ನನ್ನ ರಿಂಗ್ ಲೆಕ್ಕಕ್ಕೂ ಅವರ ಡಯಲ್ ಗೇಜಿಗೂ 0.005 ವ್ಯತ್ಯಾಸ. 0.25ರಲ್ಲೇ ಕ್ಲೀನ್ ಆಯಿತು. ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಬೆಂಗಳೂರಿನ ಜೆ.ಸಿ. ರೋಡಿಂದ ತಂದೆ. ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ನೋಡಿದರೆ ಮಧ್ಯದಲ್ಲಿ 0.10 ಫಿಲ್ಲರ್ ಹೋಯಿತು. ಘಾಟಿಯಲ್ಲಿ ಕಾದಿದ್ದರ ಗುರುತು ಅದು. ಮಟ್ಟ ಆಗೋ ಹಾಗೆ ಫೇಸಿಂಗ್ ಮಾಡಿಸಿದೆ. ವಾಲ್ವ್ ನಾನೇ ಪೇಸ್ಟ್ ಹಾಕಿ ಉಜ್ಜಿದೆ. ಪೋರ್ಟಿಗೆ ಸೀಮೆಎಣ್ಣೆ ಸುರಿದು ಅರ್ಧ ಗಂಟೆ ಬಿಟ್ಟೆ, ಒಂದು ಹನಿಯೂ ಇಳಿಯಲಿಲ್ಲ.

ಹೊಸ ಥರ್ಮೋಸ್ಟಾಟ್ ಮೇಲೆ 82 ಅಂತ ಕೊರೆದಿತ್ತು. ಹಾಕೋ ಮುಂಚೆ ಹಳೇ ಪಾತ್ರೆಯಲ್ಲಿ ನೀರು ಕಾಯಿಸಿ ದಾರದಲ್ಲಿ ಇಳಿಬಿಟ್ಟೆ. ನೀರು ಕುದಿಯೋಕೆ ಇನ್ನೂ ಹೊತ್ತಿತ್ತು, ಅಷ್ಟರಲ್ಲಿ ಮಧ್ಯದ ತಟ್ಟೆ ಮೆಲ್ಲಗೆ ಏಳೋಕೆ ಶುರುವಾಯಿತು. ಅಮ್ಮ, ತಂಗಿ ಇಬ್ಬರೂ ಬಂದು ನೋಡಿದರು. ಅಪ್ಪ ಮೂರು ಸಲ ಮಾಡಿಸಿ ನೋಡಿದರು. ರೇಡಿಯೇಟರ್ ಕೂಡ ಬಿಚ್ಚಿಸಿ ತೊಳೆಸಿದೆ. ಮೇಲಿನ ಅರ್ಧ ಕೊಳವೆಗಳು ಕಟ್ಟಿಕೊಂಡಿದ್ದವು. ಮೊದಲು ಹೀಟ್ ಆಗಿದ್ದು ಅದಕ್ಕೇ ಇರಬೇಕು.

ನಾಳೆ ಪಿಸ್ಟನ್ ಇಳಿಸ್ತೀನಿ. ಕೈ ನಡುಗುತ್ತಿದೆ. ಏನಾದರೂ ಮರೆತಿದ್ದರೆ ಹೇಳಿ.

ದಾವಣಗೆರೆ ಬೋರಿಂಗ್

ಬೋರ್ ತೊಳೆದಿರಾ? ಹೋನಿಂಗ್ ಕಲ್ಲಿನ ಪುಡಿ ಗೆರೆಗಳ ಒಳಗೆ ಕೂತಿರುತ್ತೆ. ಪೆಟ್ರೋಲ್, ಸೀಮೆಎಣ್ಣೆ ಹಾಕಿ ಒರೆಸಿದರೆ ಹೋಗಲ್ಲ. ಬಿಸಿನೀರು, ಸೋಪಿನ ಪುಡಿ, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದಿ ಬಣ್ಣ ಬರಬಾರದು. ಬೂದಿ ಬರೋದು ನಿಲ್ಲೋ ತನಕ ತೊಳೀತಾ ಇರಿ. ಒಣಗಿದ ಕೂಡಲೇ ಆಯಿಲ್ ಹಚ್ಚಿ, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತೆ.

ಐಟಿಐ ಅಕ್ಕ, ಶಿವಮೊಗ್ಗ

ಹೊಸ ರಿಂಗಿನ ಸಂದು ಹೊಸ ಬೋರಿನಲ್ಲಿ ಅಳೆದೇ ಹಾಕಿ. ಗುರುತು ಇರೋ ಮುಖ ಮೇಲಕ್ಕೆ. ಮೂರು ರಿಂಗಿನ ಸಂದು ಒಂದೇ ಸಾಲಿಗೆ ಬರಬಾರದು. ಟಾರ್ಕ್ ವ್ರೆಂಚ್ ಇಲ್ಲದೆ ಹೆಡ್ ಬೋಲ್ಟ್, ರಾಡ್ ನಟ್ ಮುಟ್ಟಬೇಡಿ, ಬಾಡಿಗೆಗೆ ತನ್ನಿ. ಒಂದೊಂದು ಕ್ಯಾಪ್ ಬಿಗಿ ಮಾಡಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ. ಯಾವ ಕ್ಯಾಪಿಗೆ ಬಿಗಿಯಾಯಿತು ಅಂತ ಆಗಲೇ ಗೊತ್ತಾಗುತ್ತೆ. ಟೈಮಿಂಗ್ ಬೆಲ್ಟ್ ಹಾಕಿದ ಮೇಲೆ ಎರಡು ಸುತ್ತು ಕೈಯಲ್ಲೇ ತಿರುಗಿಸಿ ಗುರುತು ಮತ್ತೆ ನೋಡಿ.

ಹಾಸನ ಡಿಪೋ

ಸ್ಟಾರ್ಟ್ ಮಾಡೋ ಮುಂಚೆ ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು ಆಯಿಲ್ ಲೈಟ್ ಆರಿಸು. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಡಬೇಡ. ಲೀಕ್ ನೋಡು, ರೋಡಿಗೆ ತಗೊಂಡು ಹೋಗು. ಹದವಾಗಿ ಲೋಡ್ ಕೊಟ್ಟು ಬಿಡ್ತಾ ಓಡಿಸು, ರಿಂಗ್ ಕೂರೋದು ಹಾಗೆ. 500ಕ್ಕೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸು.

ಕೈ ನಡುಗಿದರೆ ನಡುಗಲಿ ತಮ್ಮಾ. ಟಾರ್ಕ್ ವ್ರೆಂಚ್ ಕಟ್ ಅಂದ ಕೂಡಲೇ ನಿಲ್ಲಿಸು, ಅಷ್ಟೇ.

ತಿಪಟೂರು ಹುಡುಗ

ಸ್ಟಾರ್ಟ್ ಆಯಿತು! ಮೂರನೇ ಸೆಲ್ಫಿಗೆ. ನಾಲ್ಕು ದಿನ ಏನೂ ಬರೆಯೋಕೆ ಆಗಲಿಲ್ಲ. ಬರೀ ಓಡಿಸ್ತಾ ಇದ್ದೆ.

ಈಗ 1,000 ಕಿ.ಮೀ. ಆಗಿದೆ. 500ಕ್ಕೆ ಆಯಿಲ್ ಬದಲಾಯಿಸಿದೆ. ಡಿಪ್‌ಸ್ಟಿಕ್ ಗೆರೆ ಅಲುಗಿಲ್ಲ. ಟೆಂಪರೇಚರ್ ಮುಳ್ಳು ಹತ್ತು ನಿಮಿಷದಲ್ಲಿ ಮಧ್ಯಕ್ಕೆ ಬಂದು ಅಲ್ಲೇ ನಿಲ್ಲುತ್ತೆ. ನಿನ್ನೆ ಕಂಪ್ರೆಷನ್ ಮತ್ತೆ ನೋಡಿದೆ. 12.5, 12.5, 12. ಬಾಡಿಗೆ ಟೂಲ್ ಸೇರಿ ಒಟ್ಟು ಖರ್ಚು 17,400 ರೂಪಾಯಿ. ಅಪ್ಪ ಮೊನ್ನೆ ಒಬ್ಬರೇ ಅರಸೀಕೆರೆಗೆ ಹೋಗಿ ಬಂದರು.

ಪಕ್ಕದ ಬೀದಿಯವರ ಹಳೇ ಓಮ್ನಿ ಇದೆ, ಅದರಲ್ಲೂ ಇದೇ 796 ಸಿಸಿ ಇಂಜಿನ್. ಅದೂ ಹೊಗೆ ಬಿಡ್ತಿದೆ, ನೋಡು ಅಂದರು. ಮುಳ್ಳು ಎಲ್ಲಿರುತ್ತೆ ಅಂತ ಕೇಳಿದೆ. ಕೆಳಗೇ ಇರುತ್ತೆ ಅಂದರು. ಭಾನುವಾರ ಗೇಜ್ ಹಾಕ್ತೀನಿ. ನಂಬರ್ ಇಲ್ಲೇ ಬರೆಯುತ್ತೇನೆ.